ಜೋಯಿಸರು ಜರ್ಮನಿಗೆ ಹೋದದ್ದು

ಊರಿಗೆಲ್ಲ ಮುಹೂರ್ತ ಇಟ್ಟುಕೊಡುವ ಜೋಯಿಸರಿಗೆ ಸ್ವಂತ ಮಗಳ ಮದುವೆಯೇ ಕೂಡಿಬರಲಿಲ್ಲ. ಇಂಟರ್ನೆಟ್ಟಿನಲ್ಲಿ ಜಾತಕ ನೋಡುವ ಗುರುಗಳನ್ನು ಕೇಳೋಣವೆಂದರೆ, ಯಾರಿಗಾದರೂ ತಿಳಿದರೆ ಮರ್ಯಾದೆ ಮಣ್ಣುಪಾಲು. ಕಂಪ್ಯೂಟರ್ ರಿಪೇರಿ ರೇವಣ್ಣನನ್ನು ಕರೆಸಿದರು.

"ವಿಪಿಎನ್ ಹಾಕ್ತೀನಿ ಸ್ವಾಮಿ. ಇಲ್ಲೇ ಕೂತಿದ್ರೂ ಆ ಗುರುಗಳಿಗೆ ಬೇರೆ ಕಡೆ ಇದ್ದಂಗೆ ತೋರಿಸ್ತದೆ. ಬಿಟ್ಟಿ ಸಿಗೋದು ಮುಂಬೈ ತೋರಿಸ್ತದೆ, ದುಡ್ಡಿಂದು ಜರ್ಮನಿ."

"ಜರ್ಮನೀದೇ ಹಾಕಯ್ಯಾ. ಮುಂಬೈಲಿ ನನ್ನ ಷಡ್ಡಕ ಇದಾನೆ."

ಜೋಯಿಸರು ಸುಳ್ಳು ಹೆಸರು ಕೊಟ್ಟು, ಮಗಳ ಜಾತಕ ಕಳಿಸಿ, ಕೈಮುಗಿದು ಕೂತರು. ಅರೆಗಳಿಗೆಯಲ್ಲಿ ಉತ್ತರ ಬಂತು:

"ನಿಮ್ಮ ಮನೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದೆ. ತಂದೆ ಸಮುದ್ರ ದಾಟಿ ಜರ್ಮನಿಯಲ್ಲಿ ಕೂತದ್ದೇ ದೋಷ. ಮೊದಲು ಅಲ್ಲಿಂದ ಹೊರಡಿ."

ಜೋಯಿಸರು ಗಾಬರಿಯಿಂದ ಎದ್ದು ನಿಂತರು.

"ರೇವಣ್ಣಾ, ಷಡ್ಡಕ ಹಾಳಾಗಿ ಹೋಗ್ಲಿ, ಮುಂಬೈದೇ ಹಾಕು!"