ಟೈಲರ್ ಭಾವನ ಗೆರೆಗಳು

"ಮತ್ತೆ ಯಾವ ನಟ್ಟಿಗೆ ಕೈ ಹಾಕಿದಿರಿ ಭಾವ?"

ಗೇಟು ತೆರೆಯುವ ಮೊದಲೇ ಮೆಕ್ಯಾನಿಕ್ ಕೂಗಿದ. ಅಂಗಳದಲ್ಲಿ ಹಳೆಯ ಪಿಕಪ್ ಎರಡು ಸಲ ಕೆಮ್ಮಿತು. ಢಮ್ಮೆಂದು ಹೊಗೆ ಕಾರಿ ಸುಮ್ಮನಾಯಿತು. ಸ್ಟಿಯರಿಂಗ್ ಹಿಂದೆ ಕುಳಿತಿದ್ದ ಅವನ ಅಕ್ಕನ ಗಂಡ ಇಳಿದು ಬಂದರು. ಹೊಲಿಗೆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಲೇ ಇತ್ತು.

"ನಾನು ಮುಟ್ಟಿಲ್ಲ ಮಾರಾಯ. ಹೋದ ಭಾನುವಾರ ನೀನು ಹೇಗೆ ಬಿಟ್ಟು ಹೋದೆಯೋ ಹಾಗೇ ಇದೆ."

"ಹಾಗಾದ್ರೆ ಇಲಿ ಬಂದು ಸ್ಪ್ಯಾನರ್ ಹಿಡೀತೇನೋ!"

"ಇದ್ದರೂ ಇರಬಹುದು. ದೊಡ್ಡ ಇಲೀನೇ," ಎಂದರು ಭಾವ.

ಪಿಕಪ್ ಅಕ್ಕ–ತಮ್ಮನ ತಂದೆ ಓಡಿಸುತ್ತಿದ್ದದ್ದು. ತಗಡಿನ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಮೆಕ್ಯಾನಿಕ್‌ನ ಹೆಂಡತಿ ತೀರಿಕೊಂಡ ವರ್ಷವೇ ಭಾವನಿಗೆ ಅದನ್ನು ಮತ್ತೆ ಓಡಿಸುವ ಹುಚ್ಚು ಹಿಡಿಯಿತು. ಒಂದು ವಾರ ಕಾರ್ಬುರೇಟರಿನ ನಟ್ಟು ಸಡಿಲ, ಇನ್ನೊಂದು ವಾರ ಪೆಟ್ರೋಲ್ ಪೈಪಿನದು, ಮತ್ತೊಂದು ವಾರ ಬ್ಯಾಟರಿಯದು. ಪ್ರತಿ ಸಲವೂ ಫೋನು, ಪ್ರತಿ ಸಲವೂ ಮೆಕ್ಯಾನಿಕ್ ಚೀಲ ಹೆಗಲಿಗೇರಿಸಿ ಬರಬೇಕು. ಕರೆಯದೆ ಅವನು ಯಾರ ಮನೆಯ ಹೊಸಿಲನ್ನೂ ತುಳಿಯುವವನಲ್ಲ. ಕೆಲಸವಿಲ್ಲದೆ ನೆಂಟರ ಮನೆಯಲ್ಲಿ ತಟ್ಟೆಯ ಮುಂದೆ ಕೂರುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಬಾನೆಟ್ಟು ಎತ್ತಿದ. ಒಳಗೆ ಎಂದಿನಂತೆ ಕಂಡ ಕಂಡ ನಟ್ಟಿನ ಮೇಲೆಲ್ಲ ಸೀಮೆಸುಣ್ಣದ ಸಣ್ಣ ಗೆರೆ. ನಟ್ಟಿನಿಂದ ಶುರುವಾಗಿ ಪಕ್ಕದ ಕಬ್ಬಿಣದ ಮೇಲೆ ಮುಗಿಯುತ್ತಿತ್ತು.

"ಎಂಜಿನ್ನಿಗೆ ಪ್ಯಾಂಟು ಹೊಲೀತಿದ್ದೀರಾ ಭಾವ? ಹೇಳಿ, ಜೇಬು ಎಲ್ಲಿ ಇಡೋಣ?"

"ಎರಡು ಅಂಚು ಎಲ್ಲಿ ಕೂಡಬೇಕು ಅಂತ ಗುರುತು ಕಣೋ. ಕೈಗೆ ಅಂಟಿದ ಅಭ್ಯಾಸ."

"ಬಟ್ಟೆ ಬುದ್ಧಿ ಬಟ್ಟೆ ಹತ್ರ ಇಟ್ಕೊಳ್ಳಿ. ಇದು ಕಬ್ಬಿಣ."

ಭಾವ ನಕ್ಕು, ಚಿಂದಿ ಬಟ್ಟೆ ತುಂಬಿ ಹೊಲಿದ ದಿಂಬೊಂದನ್ನು ನೆಲಕ್ಕೆ ಹಾಕಿದರು. ಮೆಕ್ಯಾನಿಕ್‌ನ ಮಂಡಿನೋವಿಗೆಂದೇ ಹೊಲಿದದ್ದು. "ಇದೊಂದು ಶೋಕಿ," ಎಂದು ಮೂದಲಿಸುತ್ತಲೇ ಅವನು ಅದರ ಮೇಲೆ ಮಂಡಿಯೂರಿ ಗಾಡಿಯ ಅಡಿಗೊಮ್ಮೆ ಇಣುಕಿದ. ಆಮೇಲೆ ಎದ್ದವನ ಕೈ ಅತ್ತಿತ್ತ ತಡಕಾಡದೆ ನೇರವಾಗಿ ಡಿಸ್ಟ್ರಿಬ್ಯೂಟರನ್ನು ಹಿಡಿದಿಡುವ ನಟ್ಟಿಗೇ ಹೋಯಿತು. ಸಡಿಲ! ಅದು ಚೂರು ಅಲುಗಿದರೂ ಸಾಕು, ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರುತ್ತದೆ, ಎಂಜಿನ್ ಕೆಮ್ಮುತ್ತದೆ.

"ನೋಡಿದಿರಾ? ಅನುಭವ ಅಂದ್ರೆ ಇದು."

"ಹೌದಪ್ಪ. ಕಣ್ಣು ಮುಚ್ಚಿದರೂ ನಿನಗೆ ಸಿಗುತ್ತೆ," ಎಂದರು ಭಾವ.

ಅವನು ಸರಿಮಾಡಿ ಬಿಗಿದ ಮೇಲೆ ಭಾವ ಬಗ್ಗಿ, ಹಳೆಯ ಗೆರೆಯನ್ನು ಒರೆಸಿ ಅಲ್ಲಿ ಹೊಸದೊಂದನ್ನು ಎಳೆದರು. ಮೆಕ್ಯಾನಿಕ್ ಮೂಗು ಮುರಿದ.

ಆಗ ಬಾಗಿಲಲ್ಲಿ ಅಕ್ಕ ಬಂದು ನಿಂತಳು.

"ಇಬ್ಬರೂ ಕೇಳಿಸ್ಕೊಳ್ಳಿ. ನನಗಂತೂ ಸಾಕಾಗಿದೆ. ಇನ್ನೊಂದು ಸಲ ಈ ಡಬ್ಬ ಕೆಟ್ಟು ನಿಂತರೆ ಗುಜರಿಯವನನ್ನ ಕರೆಸ್ತೀನಿ. ಅಪ್ಪನ ಗಾಡಿ ಅಂತ ನೋಡಲ್ಲ."

"ತಮಾಷೆ ಮಾಡ್ತಿದ್ದೀಯೇನೇ ಅಕ್ಕ?"

"ಅವನ ಹತ್ರ ಮಾತಾಡಿಯೂ ಆಯ್ತು. ಬನ್ನಿ ಊಟಕ್ಕೆ, ಆರುತ್ತೆ."

ಮೆಕ್ಯಾನಿಕ್ ಕೈ ಒರೆಸಿಕೊಂಡು ಒಳಗೆ ನಡೆದ. ಅಕ್ಕ ಎಂದಿನಂತೆ ಕೇಳದೆಯೇ ಅವನ ತಟ್ಟೆಗೆ ಎರಡನೇ ಸಲ ಬಡಿಸಿದಳು. ಅವನೂ ಎಂದಿನಂತೆ, ಬೇಡವೆನ್ನದೆ, ಉಂಡ.

ಊಟವಾದ ಮೇಲೆ ಮೂವರೂ ಪಿಕಪ್ ಹತ್ತಿದರು. ಒಂದು ಸುತ್ತು ಹೋಗಿ ಬಂದರು. ಎಂಜಿನ್ ಎಲ್ಲೂ ತಡವರಿಸಲಿಲ್ಲ. ತಿರುವಿನಲ್ಲಿ ಅಕ್ಕ, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ, ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಮೆಕ್ಯಾನಿಕ್ ಅದನ್ನು ಕಂಡೂ ಕಾಣದವನಂತೆ ರಸ್ತೆ ನೋಡಿದ.

ಅಂಗಳಕ್ಕೆ ಬಂದ ಮೇಲೆ ಅವನದೊಂದು ಪದ್ಧತಿ. ಹೊರಡುವ ಮುಂಚೆ ಎಂಜಿನ್ನನ್ನು ಕೊನೆಯದಾಗಿ ಒಮ್ಮೆ ನೋಡಿ, ಬಾನೆಟ್ಟು ತಾನೇ ಮುಚ್ಚಬೇಕು. ಆಗ ಪಕ್ಕದಲ್ಲಿ ಯಾರೂ ನಿಂತಿರಬಾರದು.

"ಕೈ ತೊಳೀಬೇಕು ಭಾವ. ಬಿಸಿನೀರು, ಸೋಪು ತನ್ನಿ."

ಭಾವ ಒಳಗೆ ಹೋದರು. ಸ್ಪ್ಯಾನರ್ ಹಿಡಿದು ಮೆಕ್ಯಾನಿಕ್ ಎಂಜಿನ್ನಿನ ಮುಂದೆ ನಿಂತ. ಅಕ್ಕ ಹೊರಗೆ ಚಾಚಿದ್ದ ಕೈ ಕಣ್ಣ ಮುಂದೆ ಬಂತು. ಸ್ಪ್ಯಾನರನ್ನು ಚೀಲಕ್ಕೆ ಹಾಕಿದ. ಬಾನೆಟ್ಟು ಮುಚ್ಚಿ, ಅದರ ಮೇಲೊಮ್ಮೆ ಅಂಗೈ ಆಡಿಸಿದ.

ಭಾವ ನೀರಿನ ತಂಬಿಗೆ ಕೆಳಗಿಟ್ಟರು. ಯಾವತ್ತೂ ಇಲ್ಲದ್ದು, ಅವನ ಎದುರೇ ಬಾನೆಟ್ಟನ್ನು ಮತ್ತೆ ಎತ್ತಿದರು. ಕನ್ನಡಕ ಏರಿಸಿಕೊಂಡು, ಹೊಲಿಗೆ ಪರೀಕ್ಷಿಸುವವರಂತೆ ಒಂದೊಂದೇ ಗೆರೆಯ ಮೇಲೆ ಬೆರಳು ಓಡಿಸಿದರು.

"ಇನ್ನೂ ಏನು ಅಳತೆ ತಗೊಳ್ತೀರಿ? ಎಲ್ಲಾ ಬಿಗಿಯಾಗೇ ಇದೆ!" ಮೆಕ್ಯಾನಿಕ್ ಸಿಡುಕಿದ.

"ಅದೇ ನೋಡ್ತಿದ್ದೀನಿ. ಪ್ರತಿ ಭಾನುವಾರ ನೀನು ಹೋದ ಮೇಲೆ ಯಾವುದಾದರೂ ಒಂದು ನಟ್ಟಿನ ಗೆರೆ ತಪ್ಪಿರ್ತಿತ್ತು," ಎಂದರು ಭಾವ, ಅವನ ಕೈಗೆ ನೀರು ಹುಯ್ಯುತ್ತಾ. "ಇವತ್ತು ಎಲ್ಲಾ ನೆಟ್ಟಗಿವೆ. ಯಾಕೋ, ಮುಂದಿನ ಭಾನುವಾರ ಊಟಕ್ಕೆ ಬರೋದಿಲ್ವಾ?"