ಮನೆ ನೋಡಲು ಬಂದವರು

ಬಟ್ಟೆ ತೂಗುಹಾಕುವ ಕ್ಲಾಸೆಟ್ಟಿನೊಳಗೆ, ಗಂಡನ ಕೋಟುಗಳ ನಡುವೆ, ಬಿಲ್ಕೀಸ್ ಉಸಿರು ಬಿಗಿಹಿಡಿದು ನಿಂತಿದ್ದಳು. ಇಲ್ಲಿ ಅಮೆರಿಕದಲ್ಲಿ ಮನೆ ತೋರಿಸುವಾಗ ಮಾರುವವರು ಒಳಗಿರಕೂಡದು ಎಂದು ಏಜೆಂಟ್ ಬಿಡಿಸಿ ಹೇಳಿದ್ದ. ಆದರೆ ಗಂಡ ಕಾರು ತೆಗೆದುಕೊಂಡು ಹರ್ನ್‌ಡನ್ ಆಫೀಸಿಗೆ ಹೋಗಿದ್ದ. ಅವಳು ನಡೆದೇ ಹೊರಡೋಣವೆಂದು ಬೂಟು ಹಾಕುವಷ್ಟರಲ್ಲಿ ಮನೆ ನೋಡುವವರು ಬಂದೇಬಿಟ್ಟಿದ್ದರು. ಈ ಗಿರಾಕಿಯೂ ಕೈತಪ್ಪಿದರೆ ಗಂಡನಿಗೆ ಏನು ಹೇಳುವುದು?

ಹೆಜ್ಜೆಗಳು ಹತ್ತಿರವಾದವು. ಬಾಗಿಲು ಸರಿಯಿತು. ಕುಂಕುಮವಿಟ್ಟ ಹೆಂಗಸೊಬ್ಬಳು ಅವಳನ್ನೇ ನೋಡುತ್ತ ನಿಂತಳು. ಯಾರಿಗೂ ಹೇಳಬೇಡಿ ಎಂಬಂತೆ ಬಿಲ್ಕೀಸ್ ತಲೆ ಅಲ್ಲಾಡಿಸಿದಳು.

"ಹೇಗಿದೆಯೇ ಒಳಗೆ? ನಾನೂ ನೋಡ್ಲಾ?" ಹೆಂಗಸಿನ ಹಿಂದಿನಿಂದ ಕನ್ನಡದಲ್ಲೇ ಗಂಡಸಿನ ದನಿ.

"ಬೇಡ ರೀ." ಹೆಂಗಸು ಒಂದು ಕೋಟನ್ನು ಬಿಲ್ಕೀಸಳ ಮುಂದಕ್ಕೆ ಎಳೆದು, ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. "ಅವರ ಬಟ್ಟೆಬರೆ ಇದೆ, ನೀವು ನೋಡಿದ್ರೆ ಚೆನ್ನಾಗಿರಲ್ಲ. ಜಾಗ ಮಾತ್ರ ಧಾರಾಳವಾಗಿದೆ."