ಮೂರು ಸಲ ಬಂದ ಫೋನು

ತಪ್ಪು ತನ್ನದೇ ಇರಬಹುದೇ? ಬಂದ ಯಾವುದೋ ಪತ್ರವನ್ನು ನೋಡದೆ ಬಿಟ್ಟೆನೇ? ಇಲ್ಲ, ಹೀಗಾಗಲಿ ಎಂದು ಒಳಗೊಳಗೇ ಬಯಸಿದ್ದೇ ತಪ್ಪೇ? ಬೀರೇಶನಿಗೆ ತಿಳಿಯಲಿಲ್ಲ. ಎದುರಿಗೆ, ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ವಾಚ್ ಕಂಪನಿಯ ಬೆಂಗಳೂರು ವಕೀಲ ಮೋಹನ್‌ಕುಮಾರ್ ಫೈಲು ಬಿಚ್ಚುತ್ತಿದ್ದ.

“ವೆಬ್‌ಸೈಟ್ ಹೋಯ್ತು. ಗೊತ್ತಲ್ಲ?”

“ನೋಡಿದೆ ಸಾರ್. ಅದರ ಹೆಸರಲ್ಲಿ ಈಗ ಯಾವುದೋ ಕೂದಲೆಣ್ಣೆ ಜಾಹೀರಾತು ಬರ್ತಿದೆ.”

“ನಮ್ಮ ಸ್ವಿಟ್ಜರ್ಲೆಂಡಿನ ಸಾಹೇಬರೂ ಅದನ್ನೇ ನೋಡಿದ್ರು,” ಎಂದ ವಕೀಲ. ನಗಲಿಲ್ಲ.

ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬೀರೇಶನದು ವಾಚ್ ರಿಪೇರಿ ಅಂಗಡಿ. ಐದು ವರ್ಷದ ಹಿಂದೆ ಬೇಲೂರು ಕಡೆಯ ಕಾಫಿ ಪ್ಲಾಂಟರೊಬ್ಬರು ನಿಂತುಹೋದ ಓರ್ವಿಯೇರ್ ಎಂಬ ದುಬಾರಿ ಸ್ವಿಸ್ ವಾಚೊಂದನ್ನು ತಂದುಕೊಟ್ಟಿದ್ದರು. ಅದನ್ನು ಬಿಚ್ಚಿದವನು ಎರಡು ದಿನ ಊಟ ಮರೆತ. ಅಂಥದ್ದನ್ನು ಕಟ್ಟಿಕೊಳ್ಳುವುದು ಈ ಜನ್ಮದಲ್ಲಿ ಆಗದ ಮಾತು. ಆದರೆ ಅದರ ಒಳಗನ್ನು ಅವನಷ್ಟು ಪ್ರೀತಿಯಿಂದ ಯಾರೂ ನೋಡಿರಲಿಲ್ಲ. ಸೈಬರ್ ಸೆಂಟರಿನಲ್ಲಿ ಕೂತು ವೆಬ್‌ಸೈಟ್ ಮಾಡಿದ. ಒಂದೊಂದು ಚಕ್ರ, ಒಂದೊಂದು ಸ್ಪ್ರಿಂಗಿನ ಚಿತ್ರ ಹಾಕಿದ. ಕಂಡು ಕೇಳರಿಯದ ದೇಶದವರು ಅವನನ್ನು ಕೇಳಿಕೊಂಡು ವಾಚು ಬಿಚ್ಚತೊಡಗಿದರು.

ಹೋದ ವರ್ಷ ಓರ್ವಿಯೇರ್ ಕಂಪನಿಯೇ ಆ ವೆಬ್‌ಸೈಟನ್ನು ಕೊಂಡುಕೊಂಡಿತು. ಸನ್ಮಾನ ಎಂದುಕೊಂಡು ಬೀರೇಶ ಸಹಿ ಹಾಕಿದ. ಇಂಗ್ಲಿಷಿನ ಹದಿನಾಲ್ಕು ಪುಟ. ಅದನ್ನು ಪೂರ್ತಿ ಓದಿದವಳು ಹೆಂಡತಿ ಶ್ಯಾಮಲಾ, ಅದೂ ಸಹಿಯಾದ ಮೇಲೆ. ಐದು ವರ್ಷ ಅವನು ಕಂಪನಿ ಒಪ್ಪಿದ್ದನ್ನಷ್ಟೇ ಬರೆಯಬೇಕು. ಬೇರೆಲ್ಲೂ, ಯಾರಿಗೂ, ಯಾವ ವಾಚಿನ ಬಗ್ಗೆಯೂ ಒಂದಕ್ಷರ ತಿಳಿಸಕೂಡದು.

ಕಂಪನಿ ಮೊದಲು ಚಿತ್ರಗಳನ್ನು ತೆಗೆಸಿತು. ಆಮೇಲೆ ರಿಪೇರಿಯ ಪುಟಗಳನ್ನು. ಉಳಿದದ್ದು ಬೆಲೆಪಟ್ಟಿ. ಚೆಕ್ ದೇಶದ ಶಾಲಾ ಮೇಷ್ಟ್ರೊಬ್ಬರು ಒಂದು ಸ್ಪ್ರಿಂಗಿನ ಬಗ್ಗೆ ಮೂರು ಪತ್ರ ಬರೆದರು. ಮೂರಕ್ಕೂ ಉತ್ತರ ಬೀರೇಶನ ಬೆರಳ ತುದಿಯಲ್ಲಿತ್ತು. ಬರೆಯುವಂತಿರಲಿಲ್ಲ. ನಾಲ್ಕನೆಯ ಪತ್ರದಲ್ಲಿ ಮೇಷ್ಟ್ರು, ನೀವು ಮಾರಿಕೊಂಡಿರಿ ಎಂದಿದ್ದರು. ಆ ವಾರ ಬೀರೇಶ ಮನೆಯಲ್ಲೂ ಮಾತು ಬಿಟ್ಟ.

“ಇಲ್ಲಿ ನೋಡಿ,” ವಕೀಲ ಒಂದು ಸಾಲಿನ ಮೇಲೆ ಬೆರಳಿಟ್ಟ. “ಕಂಪನಿ ತನ್ನ ತಪ್ಪಿಂದ ಸೈಟ್ ಕಳ್ಕೊಂಡ್ರೆ ಒಪ್ಪಂದ ಮುಗೀತು, ನೀವು ಸ್ವತಂತ್ರ. ನೀವಾಗಿ ಬೇಕಂತ ಕಳೆದ್ರೆ ಐದು ವರ್ಷ ಹಂಗೇ ಇರುತ್ತೆ. ಮೇಲೆ ಕೋರ್ಟು. ಸೈಟಿನ ಹೆಸರು, ಫೋನ್ ನಂಬರು ನಮ್ಮ ಹೆಸರಿಗೆ ಮಾಡಿಸ್ಕೊಳ್ಳದೆ ಇದ್ದದ್ದು ನಮ್ಮ ತಪ್ಪು, ಒಪ್ಕೋತೀನಿ. ಆದ್ರೆ ಸೈಟಿನ ಹೆಸರಿನ ನವೀಕರಣಕ್ಕೆ ಅಂತ, ಅದನ್ನ ನೋಂದಾಯಿಸಿದ ಆಫೀಸಿಂದ ಇದೇ ಮನೆಗೆ ಮೂರು ಸಲ ಫೋನ್ ಬಂದಿದೆ. ಮಾಲೀಕರ ಹೆಸರೇನು ಅಂತ ಕೇಳಿದ್ದಾರೆ. ಅಷ್ಟೇ. ಹೇಳಿದ್ರೆ ಸೈಟ್ ಉಳೀತಿತ್ತು. ಮೂರು ಸಲಾನೂ ಹೇಳಿಲ್ಲ. ಯಾಕ್ರೀ?”

“ಯಾವ ಫೋನು ಸಾರ್? ನಾನು ಹಗಲೆಲ್ಲ ಅಂಗಡೀಲಿರ್ತೀನಿ.”

“ಫೋನ್ ತಗೊಂಡಿದ್ದು ನಾನು.”

ಶ್ಯಾಮಲಾ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಸೆರಗು ಹೊದ್ದಿದ್ದಳು. ಬೀರೇಶ ಅವಳನ್ನೇ ನೋಡಿದ.

“ಯಾವುದೋ ಹುಡುಗಿ. ಯಜಮಾನರ ಹೆಸರು ಹೇಳಿ ಅಂದ್ಲು. ನಮ್ಮನೆಯವ್ರು ಅಂದೆ. ಹೆಸರು ಬೇಕು ಅಂದ್ಲು. ಹನುಮಕ್ಕನವರ ಮಗ ಅಂದೆ. ಸಾಲದಂತೆ. ಗಂಡನ ಹೆಸರು ಬಾಯಲ್ಲಿ ಹೆಂಗ್ರೀ ಹೇಳೋದು? ಇಟ್ಬಿಟ್ಟೆ.”

“ಮೂರು ಸಲಾನೂ?”

“ಮೂರು ಸಲಾನೂ ಅವರೇ ಗಂಡ ಅಲ್ವಾ?”

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಬೀರೇಶನ ತಾಯಿ ಹನುಮಕ್ಕನ ಕೈ ನಿಂತಿತು.

ವಕೀಲ ಸೋಲುವವನಲ್ಲ. ಒಪ್ಪಂದದ ಕೊನೆಯ ಪುಟ ಮುಂದೆ ಹಿಡಿದ. “ಎಲ್ಲಿ, ಈ ಸಹಿ ಕೆಳಗಿನ ಹೆಸರು ಓದಿ ನೋಡೋಣ.”

ಶ್ಯಾಮಲಾ ಓದಿದಳು. ಕಣ್ಣಲ್ಲಿ ಮಾತ್ರ. ಸೆರಗಿನ ಅಂಚನ್ನು ಬಾಯಿಗೆ ಹಿಡಿದು ತಲೆ ಆಡಿಸಿದಳು. “ಬರ್ದುಕೊಡಿ ಅಂದ್ರೆ ಬರ್ದುಕೊಡ್ತೀನಿ.”

“ಏನ್ರೀ ಬೀರೇಶ್,” ವಕೀಲ ಇವನತ್ತ ತಿರುಗಿದ. “ನಿಮ್ಮ ಮನೆಯವ್ರು ಯಾವತ್ತೂ ಹಿಂಗೇನಾ?”

ಬೀರೇಶ ನೆಲ ನೋಡಿದ. ಉತ್ತರಿಸಿದರೆ ಸುಳ್ಳಾಡಬೇಕು, ಇಲ್ಲವೇ ಇನ್ನೂ ನಾಲ್ಕು ವರ್ಷ ಮೂಕನಾಗಿರಬೇಕು.

“ನಮ್ ಗಂಡಸಿ ಹೋಬ್ಳಿ ಕಡೆ ಹಂಗೇ ಐತೆ ಸ್ವಾಮಿ,” ಹನುಮಕ್ಕ ಅವರೆಕಾಯಿಯಿಂದ ತಲೆ ಎತ್ತದೆ ಹೇಳಿದಳು. “ನಾನಂತೂ ಇವತ್ತಿನ ಗಂಟ ನಮ್ಮೆಜಮಾನ್ರ ಹೆಸರು ಎತ್ತಿಲ್ಲ. ಅವರು ಸತ್ತೇ ಆರು ವರ್ಸ ಆಯ್ತು.”

ವಕೀಲ ಮೂವರನ್ನೂ ನೋಡಿದ. ಹೊಟ್ಟೆ ಕುಲುಕಿಸಿ ನಕ್ಕ. “ನಮ್ಮಜ್ಜಿನೂ ಇದೇ ಕೇಸು ಕಣಮ್ಮ. ತಾತ ರಂಗಪ್ಪ. ಅದಕ್ಕೆ ರಂಗೋಲಿನ ‘ಬಾಗಿಲ ಪುಡಿ’ ಅಂತಿದ್ಲು! ಆ ಸ್ವಿಟ್ಜರ್ಲೆಂಡಿನವರಿಗೆ ಇದನ್ನ ಯಾವ ಭಾಷೇಲಿ ಬರೀಲಿ ನಾನು?”

ಆದರೂ ಅಲ್ಲೇ ಕೂತು ಬರೆದ. ಸ್ಥಳೀಯ ಪದ್ಧತಿ, ದುರುದ್ದೇಶವಿಲ್ಲ, ಲೋಪ ಕಂಪನಿಯದು. ಕಾಫಿ ಮುಗಿಸಿ, ಬೀರೇಶನ ಕೈ ಕುಲುಕಿ, ಹದಿನಾಲ್ಕು ಪುಟಗಳ ಮೇಲೆ ರದ್ದು ಎಂದು ಬರೆದು ಕೊಟ್ಟು ರೈಲಿಗೆ ಹೊರಟುಹೋದ. ಬೀರೇಶ ಅವನನ್ನು ಗಲ್ಲಿಯ ತಿರುವಿನ ತನಕ ಬಿಟ್ಟು ಬಂದ. ದಾರಿಯುದ್ದಕ್ಕೂ ವಕೀಲನೇ ಮಾತಾಡಿದ.

ಮದುವೆಯಾಗಿ ಮನೆ ತುಂಬುವಾಗ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೇಳಿದರೆ ಒಂದೇ ಉಸಿರಿಗೆ ಹೇಳಿ ಹೊಸಿಲು ದಾಟಿದ್ದ ಶ್ಯಾಮಲಾ, ಅತ್ತೆ ಎಷ್ಟು ಗದರಿದರೂ ಕೇಳದೆ, ಎಂಟು ವರ್ಷದಿಂದ ತನ್ನನ್ನು ಬೀದಿಗೆಲ್ಲ ಕೇಳುವಂತೆ ‘ಬೀರೇಶಾ’ ಎಂದೇ ಕೂಗುತ್ತಾಳೆ ಎಂಬುದನ್ನು ಅವನು ವಕೀಲನಿಗೆ ಹೇಳಲೇ ಇಲ್ಲ.